ಶ್ವಾನ-ಗೃಹ ಮೇಳಾಪಕ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಅದರಂತೆ ಈ ಪ್ರಬಂಧದ ವಿಷಯ, ನಾಯಿ. ಪ್ರಯೋಜನ, ಸೋಫಾ ಉಳಿಯುವುದು. ಸಂಬಂಧ, ಹತ್ತರಿಂದ ಹದಿನೈದು ವರ್ಷದ್ದು. ಗ್ರೇಟ್ ಡೇನ್ ಆದರೆ ಎಂಟಕ್ಕೋ ಹತ್ತಕ್ಕೋ ಮುಗಿಯುವಂಥದ್ದು. ಉಳಿದದ್ದು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹರು ಯಾರೆಂಬ ಪ್ರಶ್ನೆ. ಮರಿಗೆ ಆಗಲೇ ಮುಂಗಡ ಕೊಟ್ಟು ಬಂದವರು ಅರ್ಹರಲ್ಲ. ಅವರ ಮೊಬೈಲು ಮರಿಯ ಫೋಟೊಗಳಿಂದ ತುಂಬಿಹೋಗಿದೆ. ಶಾಸ್ತ್ರಕ್ಕೆ ಅಲ್ಲಿ ಜಾಗವಿಲ್ಲ.

ಪ್ರಸ್ತಾವನೆ ಹೀಗಿದೆ. ನಮ್ಮ ಜನ ಹುಡುಗ ಹುಡುಗಿಯ ಜಾತಕ ಹಿಡಿದು ಮೂವತ್ತಾರು ಗುಣಗಳಲ್ಲಿ ಹದಿನೆಂಟಾದರೂ ಕೂಡುತ್ತದೆಯೇ ಎಂದು ನೋಡುತ್ತಾರೆ. ಕೂಡದ ಮದುವೆಗೆ ತವರುಮನೆ ಇದೆ, ಪಂಚಾಯಿತಿ ಇದೆ, ಕೊನೆಗೆ ಕೌಟುಂಬಿಕ ನ್ಯಾಯಾಲಯವೂ ಇದೆ. ನಾಯಿಯ ವಿಷಯದಲ್ಲಾದರೋ ಮೇಳಾಪಕವೆಲ್ಲ ಒಂದು ವಿಡಿಯೊ ನೋಡುವುದರೊಳಗೆ ಮುಗಿಯುತ್ತದೆ. ಅಲ್ಲಿ ಪರೀಕ್ಷಿಸುವುದು ಒಂದೇ ಗುಣ: "ಎಷ್ಟು ಕ್ಯೂಟಾಗಿದೆ ನೋಡ್ರೀ!" ಆಮೇಲೆ ಹೊಂದದೆ ಹೋದರೆ ನಾಯಿ ಎಲ್ಲಿಗೆ ಹೋಗಬೇಕು? ರಿಂಗ್ ರಸ್ತೆಯ ಪಕ್ಕ ಕೊರಳಪಟ್ಟಿ ಸಮೇತ ಅಲೆಯುವ ಲ್ಯಾಬ್ರಡಾರುಗಳು ಈ ಪ್ರಶ್ನೆಗೆ ಉತ್ತರವಾಗಿ ನಿಂತಿವೆ. ಆದ್ದರಿಂದ ವಧೂವರರಿಗೆ ಸಲ್ಲುವ ಅಷ್ಟಕೂಟವನ್ನು ಶ್ವಾನಕ್ಕೂ ಅನ್ವಯಿಸುವುದು ಈ ಪ್ರಬಂಧದ ಪ್ರತಿಜ್ಞೆ. ನಮ್ಮ ಕಡೆ ದಶಕೂಟವನ್ನೂ ನೋಡುತ್ತಾರಲ್ಲ ಎಂದು ಆಕ್ಷೇಪಿಸುವ ಪಂಡಿತರಿಗೆ ಸಮಾಧಾನ: ನಾಯಿಗೆ ಎಂಟು ಸಾಕು.

ಕೂಟಗಳಿಗೆ ಇಳಿಯುವ ಮೊದಲು ಒಂದು ಶಾಸನ ಪ್ರಮಾಣ. ಕನ್ನಡ ನಾಡಿನಲ್ಲಿ ನಾಯಿಯನ್ನು ತಿಳಿದು ಆರಿಸಿಕೊಂಡವನೊಬ್ಬನ ದಾಖಲೆ ಕಲ್ಲಿನಲ್ಲಿ ಉಳಿದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ ಕ್ರಿ.ಶ. 949-50. ಇತಿಹಾಸಕಾರರು ಇದನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಹತನಾದ ಚೋಳ ರಾಜಾದಿತ್ಯ, ಇವರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಇದೆಲ್ಲ ಗೌಣ. ಶಾಸನದ ಜೀವಾಳ ಬೇರೆ ಇದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಅರಸ ಮೆಚ್ಚಿ, ಬೇಕಾದ್ದು ಕೇಳಿಕೋ ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೊಮ್ಮೆ ಆ ಕಾಳಿ ಬೇಟೆಯಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು. ಕಾದಾಡಿ ಎರಡೂ ಸತ್ತವು. ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಊಟಕ್ಕೆ ಕೂತರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ ಎಂಬ ಕಟ್ಟಳೆಯನ್ನೂ ಕೆತ್ತಿಸಿದರು.

ಇದರಿಂದ ಸಿದ್ಧವಾಗುವುದೇನು? ಮಣಲೇರ ನಾಯಿಯ ಕೆಲಸ ನೋಡಿ ನಾಯಿಯನ್ನು ಕೇಳಿದ, ಮುಖ ನೋಡಿ ಅಲ್ಲ. ಅವನ ಸುತ್ತ ಹಂದಿಗಳಿದ್ದವು. ಆದ್ದರಿಂದ ಹಂದಿಯ ಮೇಲೆ ಬೀಳುವ ನಾಯಿಗೆ ಅವನ ಮನೆಯಲ್ಲಿ ಉದ್ಯೋಗವಿತ್ತು. ಇನ್ನೊಂದು ಮಾತು ಸಂಶೋಧಕರ ಕಣ್ಣಿಗೆ ಬಿದ್ದಂತಿಲ್ಲ. ಕಾಳಿಯ ತಳಿ ಯಾವುದೆಂದು ಶಾಸನ ಹೇಳುವುದಿಲ್ಲ. ಸರ್ಟಿಫಿಕೇಟಿನ ಪ್ರಸ್ತಾಪವಂತೂ ಎಲ್ಲೂ ಇಲ್ಲ. ಹೆಸರು ಮಾತ್ರ ಇದೆ.

ಮೊದಲನೆಯದು ವರ್ಣಕೂಟ. ಇಲ್ಲಿ ವರ್ಣವೆಂದರೆ ಮೈಬಣ್ಣವಲ್ಲ, ವೃತ್ತಿ. ಶಾಸ್ತ್ರಕಾರರು ಇದಕ್ಕೆ ಒಂದೇ ಒಂದು ಗುಣ ಕೊಟ್ಟಿದ್ದಾರೆ. ಅವರು ನಾಯಿ ಸಾಕಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ತಳಿ ಎಂದು ನಾವು ಕರೆಯುವುದೆಲ್ಲ ಒಂದೊಂದು ಹಳೆಯ ನೌಕರಿ. ಮನುಷ್ಯ ತನಗೆ ಬೇಕಾದ ಕೆಲಸಕ್ಕೆ ತಕ್ಕಂತೆ ತಲೆಮಾರುಗಟ್ಟಲೆ ಮರಿಗಳನ್ನು ಆರಿಸಿ ಆರಿಸಿ ಕಾಲು, ಕಿವಿ, ಮೂಗು, ಹಟ ಎಲ್ಲವನ್ನೂ ತಿದ್ದಿದ. ಆಮೇಲೆ ಕೆಲಸ ಹೋಯಿತು. ಹಟ ಉಳಿಯಿತು.

ಉದಾಹರಣೆಗೆ ಡಾಬರ್‌ಮನ್. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಅಪೋಲ್ಡಾ ಊರಿನಲ್ಲಿ ಲೂಯಿ ಡಾಬರ್‌ಮನ್ ಎಂಬ ಕಂದಾಯ ವಸೂಲಿಗಾರನಿದ್ದ. ಕಂದಾಯ ಕೇಳಲು ಹೋದವನಿಗೆ ಎಂಥ ಸ್ವಾಗತ ಸಿಗುತ್ತದೆಂಬುದು ಗೊತ್ತಿದ್ದವನಾದ್ದರಿಂದ ಜೊತೆಗೊಂದು ಗಟ್ಟಿ ನಾಯಿಯನ್ನು ತಾನೇ ಕೂಡಿಸಿ ಬೆಳೆಸಿದ. ಈಗ ಅದೇ ನಾಯಿ ಜಯನಗರದ ಮನೆಯೊಂದರ ಗೇಟಿನ ಹಿಂದೆ ನಿಂತು ಹಾಲಿನವನನ್ನೂ ಪೇಪರಿನ ಹುಡುಗನನ್ನೂ ಬಾಕಿದಾರರಂತೆ ನೋಡುತ್ತದೆ. ಡ್ಯಾಕ್ಸ್‌ಹುಂಡಿನ ಕುಳ್ಳಗಾಲು ಬ್ಯಾಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಲು ಮಾಡಿದ್ದು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬ್ಯಾಜರ್ ಸಿಗುವುದಿಲ್ಲ, ತುಳಸಿ ಕುಂಡ ಸಿಗುತ್ತದೆ. "ಶುಕ್ರವಾರ ಬೆಳಿಗ್ಗೆನೇ ತುಳಸಿ ಕಿತ್ತು ಹಾಕಿದೆ ಕಣೋ, ಎಂಥ ಅಪಶಕುನ" ಎಂದು ಅಜ್ಜಿ ಗೋಳಾಡುತ್ತಾರೆ. ಅಪಶಕುನವಲ್ಲ, ವೃತ್ತಿಧರ್ಮ. ಬೀಗಲ್ ಮೊಲದ ವಾಸನೆ ಹಿಡಿದು ಓಡುವ ನಾಯಿ. ಅದರ ಮೂಗು ನೆಲಕ್ಕೆ ತಾಗಿದ ಗಳಿಗೆಯಿಂದ ಕಿವಿ ಕೆಲಸ ಮಾಡುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ "ಬ್ರೂನೋ! ಬ್ರೂನೋ!" ಎಂದು ಕೂಗುತ್ತ ಓಡುವ ಮನುಷ್ಯನ ಮುಂದೆ ಇರುವುದು ಸಾಮಾನ್ಯವಾಗಿ ಬೀಗಲ್. ಲಾಸಾ ಆಪ್ಸೊ ಟಿಬೆಟ್ಟಿನ ಮಠಗಳಲ್ಲಿ ಒಳಗಿನ ಕಾವಲಿಗೆ ಇದ್ದ ನಾಯಿ. ಸದ್ದಾದರೆ ಎಚ್ಚರಿಸುವುದು ಅದರ ನೌಕರಿ. ಲಿಫ್ಟಿನ ಬಾಗಿಲು ದಿನಕ್ಕೆ ಎಷ್ಟು ಬಾರಿ ಸದ್ದು ಮಾಡುತ್ತದೆಂಬುದನ್ನು ಕೊಳ್ಳುವ ಮುನ್ನ ಎಣಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಕರುಣಾಜನಕ ಪ್ರಕರಣ ಹಸ್ಕಿಯದು. ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಬಂಡಿ ಎಳೆಯಲು ಸಾಕಿದ ನಾಯಿ ಇದು. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ ಬಂದಾಗ ಸುಮಾರು 1,085 ಕಿಲೋಮೀಟರ್ ದೂರ ಔಷಧಿಯನ್ನು ಐದೂವರೆ ದಿನದಲ್ಲಿ ಮುಟ್ಟಿಸಿದ್ದು ಇಂಥ ನಾಯಿಗಳ ತಂಡಗಳೇ, ಒಂದರಿಂದ ಇನ್ನೊಂದಕ್ಕೆ ಕೈ ಬದಲಿಸುತ್ತ. ಆ ವಂಶದ ಕುಡಿಯೊಂದು ವೈಟ್‌ಫೀಲ್ಡಿನ ಎಂಟನೇ ಮಹಡಿಯಲ್ಲಿ ಎ.ಸಿ. ಕೆಳಗೆ ಮಲಗಿರುತ್ತದೆ. ಎಳೆಯಲು ಬಂಡಿ ಇಲ್ಲ, ಆದ್ದರಿಂದ ಪರದೆ ಎಳೆಯುತ್ತದೆ. ಓಡಲು ಬಯಲಿಲ್ಲ, ಆದ್ದರಿಂದ ಸಂಜೆ ಮನೆಯವರೆಲ್ಲ ಕೂತ ಹೊತ್ತಿಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನೋಮ್ ಮುಟ್ಟಲು ಹೊರಡುತ್ತದೆ. ಯಜಮಾನರು ಹೇಳುತ್ತಾರೆ: "ತುಂಬಾ ಹೈಪರ್ ಸಾರ್." ಅಲ್ಲ ಸ್ವಾಮಿ, ಅದು ನಿರುದ್ಯೋಗ.

ಎರಡನೆಯದಾದ ವಶ್ಯಕೂಟದಲ್ಲಿ ಯಾರು ಯಾರಿಗೆ ವಶ ಎಂಬ ವಿಚಾರ. ಇದರಲ್ಲಿ ಸಂಶಯಕ್ಕೆ ಆಸ್ಪದವಿಲ್ಲದ್ದರಿಂದ ಮುಂದೆ ಹೋಗೋಣ.

ತಾರಾಕೂಟಕ್ಕೆ ಮೂರು ಗುಣ. ಪ್ರಾಚೀನರು ಇದನ್ನು ನಕ್ಷತ್ರಕ್ಕೆ ಹೇಳಿದರು. ಆಧುನಿಕರು ಸಿನಿಮಾ ತಾರೆಯರಿಗೆ ಅನ್ವಯಿಸಿಕೊಂಡಿದ್ದಾರೆ. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದಲ್ಲಿ ಟಫಿ ಎಂಬ ಬಿಳಿ ನಾಯಿ ಕಥೆಯ ಗಂಟನ್ನೇ ಬಿಡಿಸಿತು. ಆ ಕಾಲದ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅಂಥದೇ ಬಿಳಿ ನಾಯಿಗಳು ಜಿಮ್ಮಿ, ಸ್ನೋಯಿ ಎಂಬ ಹೆಸರಿನಲ್ಲಿ ಮೊಸರನ್ನ ತಿಂದು ಬೆಳೆದವು. ಎಲ್ಲರೂ ಅವನ್ನು ಪಮೇರಿಯನ್ ಎಂದರು; ಇಂಡಿಯನ್ ಸ್ಪಿಟ್ಜ್ ಎಂದು ಹೇಳಲು ಬಂದವರ ಮೇಲೆ ಅವೇ ಬೊಗಳಿದವು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ಒಂದು ಹುಡುಗನ ಹಿಂದೆ ಹಿಂದೆ ನಡೆಯಿತು, ದೇಶ ಪಗ್ಗಿನ ಹಿಂದೆ ನಡೆಯಿತು. ಕಂಪನಿಯ ಹೆಸರು ಹೋಯಿತು, ಪಗ್ಗು ಏದುಸಿರು ಬಿಡುತ್ತ ಇನ್ನೂ ಇದೆ. 2022ರಲ್ಲಿ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಬಂತು. ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸಿ ಮಾರುವ ದಂಧೆ ನಾಯಿಗೆ ಎಂಥ ಕಾಯಿಲೆ ತರುತ್ತದೆಂಬುದು ಆ ಚಿತ್ರದ ತಿರುಳು. ಅದನ್ನು ನೋಡಿ ಕಣ್ಣೊರೆಸಿಕೊಂಡು, ಚಿತ್ರಮಂದಿರದ ಪಾರ್ಕಿಂಗಿನಲ್ಲೇ "ಲ್ಯಾಬ್ ಮರಿ ಎಲ್ಲಿ ಅಗ್ಗಕ್ಕೆ ಸಿಗುತ್ತೆ" ಎಂದು ಫೋನು ಹಚ್ಚಿದವರಿಗೆ ಯಾವ ಕೂಟದಲ್ಲೂ ಗುಣವಿಲ್ಲ.

ಯೋನಿಕೂಟದಲ್ಲಿ ನಮ್ಮ ವಿಷಯಕ್ಕೆ ನೇರವಾದ ಶಾಸ್ತ್ರಾಧಾರ ಸಿಗುತ್ತದೆ. ಆರಿದ್ರಾ ಮತ್ತು ಮೂಲಾ ನಕ್ಷತ್ರದವರದ್ದು ಶ್ವಾನಯೋನಿ. ಹಾಗೆಂದಮೇಲೆ, ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ಕೇಳಿಕೇಳಿ ರೋಸಿದ ಮೂಲಾ ನಕ್ಷತ್ರದ ಹೆಣ್ಣುಮಕ್ಕಳಿಗೆ ನಾಯಿಯಾದರೂ ಪೂರ್ತಿ ನಾಲ್ಕು ಗುಣ ಕೊಟ್ಟು ಒಪ್ಪಿಕೊಳ್ಳುತ್ತದೆ. ಶ್ವಾನಯೋನಿಗೆ ಹಗೆ ಅನೂರಾಧಾ, ಜ್ಯೇಷ್ಠಾಗಳ ಮೃಗಯೋನಿ, ಅಂದರೆ ಜಿಂಕೆ. ಬೆಕ್ಕಿಗೆ ಹಗೆಯೆಂದರೆ ಇಲಿಯಂತೆ. ನಾಯಿಗೂ ಬೆಕ್ಕಿಗೂ ಜ್ಯೋತಿಷದಲ್ಲಿ ಜಗಳವಿಲ್ಲ! ಈ ಪಾಠದಲ್ಲಿ ಏನೋ ಲೋಪವಿದೆ ಎಂಬುದು ಈ ಲೇಖಕನ ನಮ್ರ ಅಭಿಪ್ರಾಯ. ಮನೆಯಲ್ಲಿ ಬೆಕ್ಕಿದ್ದು ಮುಧೋಳ ನಾಯಿಯನ್ನು ತಂದವರು ಹಸ್ತಪ್ರತಿಗಳನ್ನು ಮತ್ತೆ ಪರಿಶೀಲಿಸಲು ನೆರವಾಗಬಲ್ಲರು.

ಮುಧೋಳದ ಹೆಸರೆತ್ತಿದ್ದರಿಂದ ಒಂದು ಉಪಪ್ರಕರಣ. ಬಾಗಲಕೋಟೆ ಜಿಲ್ಲೆಯ ಮುಧೋಳ ಕವಿ ರನ್ನನ ಊರು. ಈಗ ಅಂಚೆಚೀಟಿಯ ಮೇಲೆ ಬಂದಿರುವುದು ಮಾತ್ರ ಅಲ್ಲಿನ ನಾಯಿ. 2005ರಲ್ಲಿ ಅಂಚೆ ಇಲಾಖೆ ದೇಶೀ ನಾಯಿಗಳ ನಾಲ್ಕು ಚೀಟಿ ತಂದಾಗ ಅದರಲ್ಲಿ ಮುಧೋಳದ್ದೂ ಒಂದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಐದನೆಯ ಜಾರ್ಜ್ ದೊರೆಗೂ ಕಾಣಿಕೆ ಕೊಟ್ಟಿದ್ದರು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರ ಹತ್ತಿರದ ತಿಮ್ಮಾಪುರದಲ್ಲಿದೆ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ, ಸೊಂಟ ಸಣ್ಣ, ಎದೆ ಆಳ, ಪಕ್ಕೆಲುಬು ಎಣಿಸಬಹುದಾದ ನಾಯಿ ಇದು. ಅದು ಇರಬೇಕಾದ್ದೇ ಹಾಗೆ. ಆದರೆ ಬೆಂಗಳೂರಿನಲ್ಲಿ ಇದನ್ನು ಸಾಕಿದವರು ಬೀದಿಯಲ್ಲಿ ಎರಡು ಸಲ ನಿಂತರೆ ಯಾರಾದರೂ ಬಂದು "ಊಟ ಹಾಕಲ್ವೇನ್ರೀ ಇದಕ್ಕೆ? ಪಾಪ" ಎನ್ನುತ್ತಾರೆ. ಸ್ವದೇಶಾಭಿಮಾನ ಉಕ್ಕಿ ಎರಡು ಕೋಣೆಯ ಫ್ಲ್ಯಾಟಿಗೆ ಮುಧೋಳ ತರುವವರಿಗೆ ಸೂಚನೆ: ಹಸ್ಕಿಯ ದುಃಖಕ್ಕೂ ಇದರ ದುಃಖಕ್ಕೂ ಪಾಸ್‌ಪೋರ್ಟ್ ಒಂದೇ ವ್ಯತ್ಯಾಸ.

ಐದನೆಯದು ಗ್ರಹಮೈತ್ರಿ. ಮನೆಯೆಂಬ ರಾಶಿಚಕ್ರದಲ್ಲಿ ಯಾವ ಗ್ರಹ ಎಲ್ಲಿ ಕೂತಿದೆ ನೋಡಬೇಕು. ಬುಧನ ಸ್ಥಾನದಲ್ಲಿರುವ ಮಗ ಮರಿ ಬೇಕೆಂದು ಹಟ ಹಿಡಿಯುತ್ತಾನೆ: "ಅಮ್ಮಾ, ಎಲ್ಲಾ ನಾನೇ ನೋಡ್ಕೋತೀನಿ. ಬೆಳಿಗ್ಗೆ ನಾನೇ ವಾಕಿಂಗ್ ಕರ್ಕೊಂಡು ಹೋಗ್ತೀನಿ." ಮರಿ ಬಂದ ಮೇಲೆ ಅವನಿಗೆ ಟ್ಯೂಷನ್ ಶುರುವಾಗುತ್ತದೆ, ಅವನು ಅಕ್ಕನಿಗೆ ಹೇಳುತ್ತಾನೆ, ಅಕ್ಕ ಅಪ್ಪನಿಗೆ, ಅಪ್ಪ ಅಮ್ಮನಿಗೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಎಂಬ ಗಾದೆ ಹುಟ್ಟಿದ್ದು ನಾಯಿಯ ಸ್ವಭಾವ ನೋಡಿ ಅಲ್ಲ, ನಾಯಿ ಸಾಕಿದ ಮನೆ ನೋಡಿ. ಕೊನೆಗೆ ಬೆಳಗಿನ ಐದೂವರೆಗೆ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಬೀದಿಯಲ್ಲಿ ನಿಂತಿರುವವರು ಅಮ್ಮ, ಮೊದಲು "ಈ ಮನೇಗೆ ನಾಯಿ ಬಂದ್ರೆ ನಾನು ಇರಲ್ಲ" ಎಂದಿದ್ದವರು. ಆದಕಾರಣ ತಳಿ ಆರಿಸುವಾಗ ಬೇಡವೆಂದವರನ್ನು ಮೊದಲು ಕೇಳಬೇಕು. ನಾಯಿ ಅವರದ್ದೇ ಆಗುವುದು.

ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರದ್ದು ಶನಿಯ ಸ್ಥಾನ. ಶಾಂತಿಗೆ ಉಪಾಯವಿದೆ: ಸಂಘವು ಸಾಕುನಾಯಿಯನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ತಾಯಿತದಂತೆ ಇಟ್ಟುಕೊಂಡವರುಂಟು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ನಿಯಮ ತರಲು ಹೊರಟು, ನಾಯಿ ಸಾಕಿದವರ ಗದ್ದಲಕ್ಕೆ ಹಿಂದೆ ಸರಿಯಿತು.

ಗಣಕೂಟಕ್ಕೆ ಆರು ಗುಣ. ದೇವಗಣ, ಮನುಷ್ಯಗಣ, ರಾಕ್ಷಸಗಣ ಎಂದು ಮೂರು ವಿಭಾಗ. ಗೋಲ್ಡನ್ ರಿಟ್ರೀವರ್ ದೇವಗಣ. ಕಳ್ಳ ಬಂದರೂ ಚೆಂಡು ತಂದುಕೊಡುತ್ತದೆ. ರಾಕ್ಷಸಗಣದ ಪಟ್ಟಿಯನ್ನು ಕೇಂದ್ರ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಪಿಟ್‌ಬುಲ್, ರಾಟ್‌ವೀಲರ್, ಟೋಸಾ ಇನು ಮೊದಲಾದ 23 ತಳಿಗಳು ಅದರಲ್ಲಿದ್ದವು. ಇವನ್ನು ಸಾಕಲು ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಹೋಯಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಒಂದು ತಿಂಗಳೊಳಗೆ ಇಪ್ಪತ್ತಮೂರು ಕುಲಗಳು ರಾಕ್ಷಸರಾಗಿ ಮತ್ತೆ ಶಾಪವಿಮೋಚನೆ ಪಡೆದದ್ದು ಪುರಾಣಗಳಲ್ಲೂ ಅಪೂರ್ವ. ಆದರೆ ಕೋರ್ಟು ಸುತ್ತೋಲೆಯನ್ನು ಕಿತ್ತುಹಾಕಬಹುದು, ದವಡೆಯನ್ನಲ್ಲ. ಗಟ್ಟಿ ಕೈ, ತರಬೇತಿ ಕೊಡುವ ಪುರುಸೊತ್ತು ಇಲ್ಲದ ಮನೆಗೆ ರಾಟ್‌ವೀಲರ್ ಸಲ್ಲದು. ಪ್ರತಿಷ್ಠೆಗಾಗಿ ತಂದು ಸರಪಳಿಯಲ್ಲಿ ಕಟ್ಟಿ ಹಾಕಿ ಬೆಳೆಸಿದ ನಾಯಿ ಯಾವ ಕುಲದ್ದಾದರೂ ಕೊನೆಗೆ ರಾಕ್ಷಸಗಣಕ್ಕೇ ಸೇರುತ್ತದೆ. ಸೇರಿಸಿದವನು ಮಾತ್ರ ಮನುಷ್ಯಗಣದಲ್ಲೇ ಇರುತ್ತಾನೆ.

ಭಕೂಟ ಹಣಕಾಸಿನದು. ಮರಿಯ ಬೆಲೆ ಅದರಲ್ಲಿ ಅತಿ ಸಣ್ಣ ಬಾಬ್ತು. 2017ರ ಕೇಂದ್ರ ನಿಯಮದಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ತೋರಿಸಿ ಎಂದು ಕೇಳಿದಾಗ ಮಾರುವವನ ಮುಖ ನೋಡಿದರೆ ಏಳೂ ಗುಣಗಳ ಲೆಕ್ಕ ಅಲ್ಲೇ ತಿಳಿಯುತ್ತದೆ.

ಕೊನೆಯದಾದ ನಾಡೀಕೂಟಕ್ಕೆ ಎಂಟು ಗುಣ, ಎಲ್ಲಕ್ಕಿಂತ ಹೆಚ್ಚು. ಇಲ್ಲಿ ಮಾತ್ರ ಶಾಸ್ತ್ರಕಾರರಿಗೆ ಸಾಷ್ಟಾಂಗ. ನಾಡೀದೋಷವಿದ್ದರೆ ಉಳಿದ ಇಪ್ಪತ್ತೆಂಟು ಕೂಡಿಬಂದರೂ ಕಷ್ಟ ಎನ್ನುತ್ತಾರೆ. ನಾಯಿಯಲ್ಲಿ ನಾಡಿಯೆಂದರೆ ಮೈ ಮತ್ತು ಹವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಮೆತ್ತೆಯಲ್ಲಿ ಒಂದಿಷ್ಟು ಬೆವರು, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಮಂಗಳೂರಿನ ಏಪ್ರಿಲ್ಲಿನಲ್ಲಿ ಗಾಳಿಯೇ ಒದ್ದೆಯಿರುವಾಗ ನಾಲಿಗೆಯ ತೇವ ಆರುವುದೆಲ್ಲಿಗೆ? ಕಲಬುರಗಿಯ ಮೇ ತಿಂಗಳಲ್ಲಿ ಎರಡು ಪದರ ತುಪ್ಪಳ ಹೊತ್ತ ಸೇಂಟ್ ಬರ್ನಾರ್ಡ್ ಯಾವ ಪಾಪಕ್ಕೆ ಜನ್ಮ ತಾಳಿತೆಂದು ಹೇಳಲು ಬೇರೆ ಶಾಸ್ತ್ರವೇ ಬೇಕು. ಪಗ್ಗಿಗೆ ಉಸಿರಾಡಲು ಮೂತಿಯೇ ಇಲ್ಲ. ಮೂತಿಯ ಉದ್ದ ತಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಮಾಡಿಸುವುದನ್ನು ನೆದರ್ಲೆಂಡ್ಸ್ 2019ರಲ್ಲಿ ತಡೆಯಿತು. ನಾವಿನ್ನೂ ಅದರ ಗೊರಕೆಯ ವಿಡಿಯೊ ಮಾಡಿ ಹಂಚುತ್ತಿದ್ದೇವೆ.

ಲ್ಯಾಬ್ರಡಾರಿಗೆ ಹವೆಯ ತೊಂದರೆ ಅಷ್ಟಿಲ್ಲ, ಹೊಟ್ಟೆಯದು. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ತಣ್ಣೀರಿಗೆ ಹಾರಿ ದುಡಿದ ವಂಶ. ಕೇಂಬ್ರಿಜಿನ ವಿಜ್ಞಾನಿಗಳು 2016ರಲ್ಲಿ ಕಂಡುಕೊಂಡಂತೆ ಬ್ರಿಟನ್ನಿನ ಲ್ಯಾಬ್ರಡಾರುಗಳಲ್ಲಿ ಸುಮಾರು ಕಾಲು ಭಾಗಕ್ಕೆ, ಹಸಿವು ತಣಿಯುವುದನ್ನು ತಿಳಿಸುವ ಜೀನಿನ ಒಂದು ತುಂಡೇ ಇಲ್ಲ. ಇಂಥ ನಾಯಿಯನ್ನು ಅಜ್ಜಿಯಿರುವ ಕನ್ನಡ ಮನೆಗೆ ತಂದರೆ ಏನಾಗುತ್ತದೆ? "ಅಯ್ಯೋ, ಹೇಗೆ ನೋಡ್ತಿದೆ ನೋಡು ಪಾಪ, ಒಂದು ಚಪಾತಿ ಹಾಕೇ." ಅದು ಈಗಷ್ಟೇ ತಿಂದಿದೆ ಅಜ್ಜಿ. "ತಿಂದಿದ್ರೆ ಹೀಗೆ ನೋಡ್ತಿತ್ತಾ?" ಜೀನು ಒಂದು ಕಡೆ, ಅಜ್ಜಿ ಒಂದು ಕಡೆ, ನಡುವೆ ಸಿಕ್ಕ ಲ್ಯಾಬ್ರಡಾರ್ ಮೂರನೇ ವರ್ಷಕ್ಕೆ ಟೀಪಾಯಿಯಾಗುತ್ತದೆ. ಹಬ್ಬದ ದಿನ ಇನ್ನೂ ಎಚ್ಚರ ಬೇಕು. ಪಾಯಸದ ದ್ರಾಕ್ಷಿ, ಹುಳಿಯ ಈರುಳ್ಳಿ, ಮಕ್ಕಳ ಚಾಕೊಲೇಟು, ಮೂರೂ ನಾಯಿಗೆ ವಿಷ. ಇದು ಅಣಕಲ್ಲ.

ಮಲೆನಾಡಿನವರಿಗೆ ಪ್ರತ್ಯೇಕ ನಾಡೀವಿಚಾರವಿದೆ. ಅಲ್ಲಿ ಉಣುಗು ಇದೆ, ಚಿರತೆ ಇದೆ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಒಯ್ಯುವಾಗ ಚಿರತೆ ವಂಶಾವಳಿ ಕೇಳುವುದಿಲ್ಲ.

ಹಾಗಾದರೆ ಮೂವತ್ತಾರರಲ್ಲಿ ಹೆಚ್ಚು ಗುಣ ಕೂಡುವ ನಾಯಿ ಯಾವುದು? ಪೂರ್ವಪಕ್ಷದವರು ತಮ್ಮ ತಮ್ಮ ಮರಿಗಳನ್ನು ಎತ್ತಿ ತೋರಿಸಲಿ. ಸಿದ್ಧಾಂತ ಇದು: ನಿಮ್ಮ ಗೇಟಿನ ಎದುರು ಯಾರದೋ ಕಾರಿನ ಕೆಳಗೆ ಮಲಗಿರುವ ಕಂತ್ರಿ ನಾಯಿ. ಈ ಹವೆಗೆ ಹುಟ್ಟಿದ ಮೈ, ಉಸಿರಾಡಲು ಸಾಕಷ್ಟು ಮೂತಿ, ರಾಗಿಮುದ್ದೆಗೂ ಒಗ್ಗುವ ಹೊಟ್ಟೆ. ಪೂರ್ವಾಶ್ರಮದ ನೌಕರಿಯೆಂದರೆ ಮನುಷ್ಯನ ಹತ್ತಿರ ಇರುವುದು, ಅಷ್ಟೇ. ದೋಷಗಳೂ ಉಂಟು: ಬೀದಿಯಲ್ಲಿ ಬೆಳೆದದ್ದಕ್ಕೆ ಬಾಗಿಲು ಮುಚ್ಚಿದರೆ ಆಗುವುದಿಲ್ಲ, ಪಟ್ಟಿಗೆ ಒಗ್ಗಲು ತಿಂಗಳುಗಳು ಬೇಕು, ಅಪರಿಚಿತರನ್ನು ನಂಬುವುದು ನಿಧಾನ. ರೇಬಿಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಇದಕ್ಕೂ ತಪ್ಪದು. ಅಷ್ಟೆಲ್ಲ ಕಳೆದರೂ ಇಪ್ಪತ್ತೇಳು ಗುಣಕ್ಕೆ ಕಡಿಮೆಯಿಲ್ಲ. ನೆಂಟರ ಮುಂದೆ ತಳಿ ಹೇಳಲು ಸಂಕೋಚವಾದರೆ ಆತಕೂರಿನ ಶಾಸನವನ್ನು ಉಲ್ಲೇಖಿಸಿ, ಹೆಸರು ಮಾತ್ರ ಹೇಳಬಹುದು.

ಇನ್ನೂ ನಿರ್ಣಯವಾಗದವರು ಪ್ರಾಯೋಗಿಕ ಪರೀಕ್ಷೆಯೊಂದನ್ನು ಮಾಡಿಕೊಳ್ಳಬೇಕು. ಪೇಟೆಯಿಂದ ಒಂದು ಕೊರಳಪಟ್ಟಿ, ಒಂದು ಹಗ್ಗ ತನ್ನಿ. ನಾಯಿ ಬೇಡ. ಜುಲೈ ತಿಂಗಳ ಮಳೆಯಲ್ಲಿ, ಒಂದು ತಿಂಗಳು, ಬೆಳಿಗ್ಗೆ ಐದೂವರೆಗೂ ರಾತ್ರಿ ಹತ್ತಕ್ಕೂ ಆ ಖಾಲಿ ಹಗ್ಗ ಹಿಡಿದು ಬೀದಿ ಸುತ್ತಿ ಬನ್ನಿ. ಜೊತೆಗೊಂದು ಹಳೇ ಪೇಪರು, ಬಗ್ಗಿ ಎತ್ತುವ ಅಭ್ಯಾಸಕ್ಕೆ. ತಿಂಗಳು ಪೂರೈಸಿದವರಿಗೆ ಯಾವ ನಾಯಿಯಾದರೂ ಹೊಂದುತ್ತದೆ. ವಾರಕ್ಕೇ ಬಿಟ್ಟವರು ದಯವಿಟ್ಟು ಗಪ್ಪಿ ಮೀನು ಸಾಕಿ.